ಗ್ರಾಮಫೋನ್ ತಟ್ಟೆಯಿಂದ ಅರಮನೆ ಮೈದಾನಕ್ಕೆ

2005ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜರುಗಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮವು ನಮ್ಮ ಸುಗಮ ಸಂಗೀತದ ಚರಿತ್ರೆಯಲ್ಲಿ ನೆನಪಿಡಬೇಕಾದ ಘಟನೆ. ಶ್ರೀ ಸಿ. ಅಶ್ವತ್ಥ್ ಅವರು ತಾವು ರಾಗ ಹಾಕಿ ಮನೆಮಾತಾಗಿಸಿದ ಗೀತೆಗಳನ್ನೇ ಅಂದು ದೊಡ್ಡ ಗಾಯಕ ಸಮೂಹದೊಡನೆ ಹಾಡಿದರು. ಕೇಳಲು ನೆರೆದವರ ಸಂಖ್ಯೆಯನ್ನು ಲಕ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಮನೆಯಲ್ಲಿ ಕ್ಯಾಸೆಟ್ಟು ಇದ್ದವರೂ, ಹಾಡುಗಳು ಬಾಯಿಪಾಠವಾಗಿದ್ದವರೂ ಮೈದಾನಕ್ಕೆ ಹೋದರು. ಕೇಳಿದ್ದನ್ನೇ ಕೇಳಲು ಇಷ್ಟು ಜನ ಏಕೆ ಹೋದರು? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡದಲ್ಲಿ ಕಟ್ಟುವವನೂ ಹಾಡುವವನೂ ಬೇರೆಯಾಗಿರಲಿಲ್ಲ. ದಾಸರು ತಾವೇ ರಚಿಸಿ ತಾವೇ ಹಾಡಿದರು. ಶಿಶುನಾಳ ಶರೀಫರು (1819–1889) ತತ್ವಪದ ಕಟ್ಟಿದ್ದೂ ಹಾಗೆಯೇ. ಕೇಳಿದವರು ಅದನ್ನು ಏಕತಾರಿಯೊಡನೆ ಊರೂರಿಗೆ ಒಯ್ದರು. ನವೋದಯ ಕಾಲದಲ್ಲಿ ಕವಿತೆ ಅಚ್ಚಾಗಿ ಪುಸ್ತಕ ಸೇರಿತು. ಆಗ ಬರೆಯುವವರು ಒಬ್ಬರು, ರಾಗ ಹಾಕಿ ಹಾಡುವವರು ಇನ್ನೊಬ್ಬರು ಎಂದಾಯಿತು. ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ ಅವರ ಕವಿತೆ ಓದು ಬಾರದವರ ಕಿವಿಗೂ ಬಿದ್ದದ್ದು ಈ ಎರಡನೆಯವರಿಂದ.

ಇವರಲ್ಲಿ ಮೊದಲು ನೆನೆಯಬೇಕಾದವರು ಪಿ. ಕಾಳಿಂಗರಾಯರು (1914–1981). ಅವರು ಹುಟ್ಟಿದ್ದು ಉಡುಪಿ ಸೀಮೆಯ ಆರೂರಿನಲ್ಲಿ. ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಹಾಡಿದ ತಟ್ಟೆಗಳು ಆ ಕಾಲದ ಕನ್ನಡಿಗರ ಸಂಪತ್ತು. ಆಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಂದರೆ 234 ಸುತ್ತು. ಅಷ್ಟರಲ್ಲಿ ಕವಿತೆ ಮುಗಿಯಲೇಬೇಕು! ಪಲ್ಲವಿಯನ್ನು ಸಭಿಕರೊಡನೆ ಮತ್ತೆ ಮತ್ತೆ ಹಾಡುವ ಸುಖಕ್ಕೆ ಅಲ್ಲಿ ಎಡೆಯೆಲ್ಲಿ?

ಕ್ಯಾಸೆಟ್ಟು ಬಂದಮೇಲೆ ಆ ಇಕ್ಕಟ್ಟು ಸಡಿಲಾಯಿತು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕವಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದಕ್ಕೆ ಹೆಸರು. ನಮ್ಮ ಮುಂಬಯಿಗೆ ಕನ್ನಡ ಹಾಡು ಹೆಚ್ಚಾಗಿ ಬಂದದ್ದು ಈ ರೂಪದಲ್ಲಿಯೇ. ಊರಿಗೆ ಹೋಗಿಬಂದವರ ಚೀಲದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಕ್ಯಾಸೆಟ್ಟು. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಅದು ಟೇಪು ಸವೆಯುವ ತನಕ ಹಾಡುತ್ತಿತ್ತು.

ಅಶ್ವತ್ಥ್ ಅವರೂ ನಮ್ಮಂತೆ ಕಚೇರಿಯ ಗಡಿಯಾರಕ್ಕೆ ಕಟ್ಟುಬಿದ್ದವರೇ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ 27 ವರ್ಷ ನೌಕರಿ ಮಾಡುತ್ತಲೇ ಸಂಗೀತ ಸಾಧಿಸಿದರು. ಶರೀಫರ ಪದಗಳು ಅವರಿಂದಲೂ ಶಿವಮೊಗ್ಗ ಸುಬ್ಬಣ್ಣನವರಿಂದಲೂ ಪಟ್ಟಣಿಗರ ನಾಲಗೆಗೆ ಬಂದವು. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು 2009ರಲ್ಲಿ ಅದೇ ತಾರೀಖಿನಂದು ತೀರಿಕೊಂಡರು.

ಈಗ ಮೊದಲ ಪ್ರಶ್ನೆಗೆ ಬರೋಣ. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡಿನಲ್ಲಿ ಕವಿ ಇದ್ದಾನೆ, ಗಾಯಕನಿದ್ದಾನೆ, ಕೇಳುಗ ಇಲ್ಲ. ಸಭೆಯ ಹಾಡಿನಲ್ಲಿ ಈ ಮೂರನೆಯವನೂ ಸೇರುತ್ತಾನೆ. ಅವನು ಚಪ್ಪಾಳೆ ತಟ್ಟುತ್ತಾನೆ, ಪಲ್ಲವಿ ಎತ್ತಿಕೊಳ್ಳುತ್ತಾನೆ, ಕೆಲವೊಮ್ಮೆ ಗಾಯಕನಿಗಿಂತ ಮುಂದೆ ಓಡುತ್ತಾನೆ. ಶರೀಫರ ಪದ ಹೀಗೆಯೇ ಬಾಯಿಂದ ಬಾಯಿಗೆ ಬದುಕಿತ್ತು. ಅರಮನೆ ಮೈದಾನಕ್ಕೆ ಹೋದವರು ಹೊಸ ಹಾಡನ್ನು ಹುಡುಕಿಕೊಂಡು ಹೋದವರಲ್ಲ. ತಮ್ಮ ದನಿಯನ್ನೂ ಸೇರಿಸಲು ಹೋದವರು. ನೇರ ಗಾಯನದ ಮುದ್ರಣದಲ್ಲಿ ನಾವು ಕಿವಿಗೊಡಬೇಕಾದದ್ದು ಈ ದನಿಗೇ.

ಇದು ಹೊರನಾಡಿನ ನಮಗೆ ಬರಿಯ ಸಂಗೀತದ ವಿಚಾರವಲ್ಲ. ಮಾತುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಹುಟ್ಟಿದವು. ಆ ಹಿರಿಯರ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಶಾಲೆಯಿತ್ತು. ಇಂದು ನಗರದಲ್ಲಿ ಕನ್ನಡ ತರಗತಿಗಳು ಸೊರಗಿವೆ. ನಮ್ಮ ಬಹುಪಾಲು ಮಕ್ಕಳಿಗೆ ಲಿಪಿ ಬಾರದು. ಬೇಂದ್ರೆಯವರ ಪುಸ್ತಕ ಕೊಟ್ಟರೆ ಚಿತ್ರ ನೋಡಿದಂತೆ ನೋಡುತ್ತಾರೆ. ಆದರೆ ಪಲ್ಲವಿ ಕೇಳಿದರೆ ಗುನುಗುತ್ತಾರೆ. ಅವರಿಗುಳಿದ ಕನ್ನಡದ ಬಾಗಿಲು ಬಹುಶಃ ಇದೊಂದೇ.

ಆದ್ದರಿಂದ ಸಂಘಗಳ ರಾಜ್ಯೋತ್ಸವದಲ್ಲಿ ಮಕ್ಕಳನ್ನು ಧ್ವನಿವರ್ಧಕದ ಹಾಡಿಗೆ ಕುಣಿಸಿ ಕಳಿಸಿದರೆ ಸಾಲದು. ಒಂದೆರಡು ಗೀತೆಗಳನ್ನಾದರೂ ಹಾರ್ಮೋನಿಯಂ ಇಟ್ಟು ಸಭೆಯೆಲ್ಲ ಕೂಡಿ ಹಾಡಬೇಕು. ಹಾಡುವ ಮುನ್ನ ಬರೆದವರು ಯಾರು, ರಾಗ ಹಾಕಿದವರು ಯಾರು ಎಂಬುದನ್ನು ಹೇಳಬೇಕು. ಮಗು ಒಂದು ಪದದ ಅರ್ಥ ಕೇಳಿದರೆ ತಿಳಿಸೋಣ. ಆ ಪದವನ್ನು ಬರೆದು ತೋರಿಸು ಎಂದರೆ ಇನ್ನೂ ಒಳ್ಳೆಯದು. ಲಿಪಿಯ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.