ಎಂಜಿನ್ ಆಯಿಲ್‌ನಲ್ಲಿ ಮಿನುಗುವ ಪುಡಿ - ಒಂದಿಷ್ಟು ಇತಿಹಾಸ

ಹುದಿಕೇರಿ ಕಡೆ ತೋಟದ ಜೀಪಿಗೆ ಆಯಿಲ್ ಬದಲಾಯಿಸುವಾಗ ಒಂದು ಸಣ್ಣ ಶಾಸ್ತ್ರ ಇದ್ದೇ ಇರುತ್ತೆ. ಕೆಳಗಿನ ಬೋಲ್ಟ್ ಬಿಚ್ಚಿ ಕಪ್ಪು ಆಯಿಲನ್ನು ಹಳೇ ಡಬ್ಬಕ್ಕೆ ಇಳಿಸೋದು, ಒಂದು ತೊಟ್ಟು ಬೆರಳಿಗೆ ಹಚ್ಚಿ ಉಜ್ಜೋದು, ಬಿಸಿಲಿಗೆ ಹಿಡಿದು ನೋಡೋದು. ಮಿನುಗಿತೋ, ಮೆಕ್ಯಾನಿಕ್ ಮುಖ ಗಂಭೀರವಾಗುತ್ತೆ. ಇನ್ನೂ ಅನುಮಾನ ಇದ್ದರೆ ಡಬ್ಬದೊಳಗೆ ಒಂದು ಮ್ಯಾಗ್ನೆಟ್ ಆಡಿಸಿ ನೋಡ್ತಾರೆ. ಏನೂ ಅಂಟಲಿಲ್ಲ ಅಂದ್ರೆ "ಎಂಜಿನ್ ಚೆನ್ನಾಗಿದೆ" ಅಂತ ತೀರ್ಪು.

ಈ ತೀರ್ಪು ಅರ್ಧ ಸತ್ಯ. ಯಾಕೆ ಅಂತ ತಿಳಿಯೋಕೆ 1839ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದ ಐಸಾಕ್ ಬ್ಯಾಬಿಟ್ ಅನ್ನುವವನು ತವರ, ಆಂಟಿಮನಿ, ತಾಮ್ರ ಬೆರೆಸಿದ ಒಂದು ಮೆತ್ತನೆಯ ಲೋಹವನ್ನು ಬೇರಿಂಗ್‌ಗಳಿಗಾಗಿ ಮಾಡಿದ. ಮೆತ್ತಗಿರೋದೇ ಅದರ ಗುಣ. ಕಸ ಸಿಕ್ಕಿಕೊಂಡರೆ ಬೇರಿಂಗ್ ತಾನು ಸವೆದು ಗಟ್ಟಿ ಕ್ರ್ಯಾಂಕ್ ಶಾಫ್ಟನ್ನು ಉಳಿಸುತ್ತೆ. ಮುಂದೆ ಸೀಸ ಹೆಚ್ಚಿರುವ ಬ್ಯಾಬಿಟ್‌ಗಳೂ, ತಾಮ್ರ-ಸೀಸದ ಬೇರಿಂಗ್‌ಗಳೂ, ಅಲ್ಯೂಮಿನಿಯಂನವೂ ಬಂದವು. ಇವು ಯಾವುದನ್ನೂ ಮ್ಯಾಗ್ನೆಟ್ ಎಳೆಯೋದಿಲ್ಲ! ಅಂದ್ರೆ ಎಂಜಿನ್‌ನಲ್ಲಿ ಎಲ್ಲಕ್ಕಿಂತ ಮೊದಲು ಸಾಯಲೆಂದೇ ಇಟ್ಟಿರುವ ಭಾಗ ಸಾಯ್ತಾ ಇದ್ದರೂ ಮ್ಯಾಗ್ನೆಟ್ ಸುಮ್ಮನೆ ಇರುತ್ತೆ.

ಹಾಗಾದ್ರೆ ಕಣ್ಣಿಗೂ ಕಾಣದ, ಮ್ಯಾಗ್ನೆಟ್ಟಿಗೂ ಸಿಗದ ಲೋಹವನ್ನು ಕಂಡುಹಿಡಿಯೋದು ಹೇಗೆ? ಒಲೆಯ ಉರಿಗೆ ಚಿಟಿಕೆ ಉಪ್ಪು ಹಾಕಿ ನೋಡಿ. ಜ್ವಾಲೆ ಹಳದಿಯಾಗುತ್ತೆ. ಉಪ್ಪಿನೊಳಗಿನ ಸೋಡಿಯಂ ಬಣ್ಣ ಅದು. ಹೀಗೆ ಪ್ರತಿ ಧಾತುವಿಗೂ ಅದರದ್ದೇ ಬೆಳಕಿನ ಗೆರೆಗಳಿವೆ ಅಂತ 1859-60ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. ಅವರಿಗೆ ಅದರಿಂದ ಸೀಸಿಯಂ, ರುಬಿಡಿಯಂ ಎಂಬ ಹೊಸ ಧಾತುಗಳೇ ಸಿಕ್ಕವು. ಗ್ಯಾರೇಜಿನ ಕೊಳಕು ಆಯಿಲ್ ಅವರ ತಲೆಯಲ್ಲಿ ಖಂಡಿತ ಇರಲಿಲ್ಲ :-)

ಈ ವಿದ್ಯೆಯನ್ನು ಆಯಿಲ್‌ಗೆ ತಂದದ್ದು ರೈಲಿನವರು. (ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ, ಆ ದುಃಖ ಬೇರೆ!) ಅಮೆರಿಕದಲ್ಲಿ ಉಗಿಬಂಡಿಗಳ ಜಾಗಕ್ಕೆ ಡೀಸೆಲ್ ಬರ್ತಾ ಇದ್ದ ಕಾಲ. ಒಂದು ಬೇರಿಂಗ್ ಹೋದರೆ ಇಡೀ ಕ್ರ್ಯಾಂಕ್ ಶಾಫ್ಟ್ ಹೋಗುತ್ತೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತೆ. 1940ರ ದಶಕದಲ್ಲಿ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆಯವರು ಬಳಸಿದ ಆಯಿಲನ್ನು ಸುಟ್ಟು, ಅದರ ಬೆಳಕನ್ನು ಅಳೆದು, ಎಂಜಿನ್ ಬಿಚ್ಚದೆಯೇ ರೋಗ ಹೇಳತೊಡಗಿದರು. 1955ರಲ್ಲಿ ಅಮೆರಿಕದ ನೌಕಾಪಡೆ ಅದನ್ನೇ ವಿಮಾನದ ಎಂಜಿನ್‌ಗಳಿಗೆ ಹಿಡಿಯಿತು. ರೈಲಾದರೆ ನಿಂತ ಕಡೆ ನಿಲ್ಲುತ್ತೆ, ವಿಮಾನ ಎಲ್ಲಿ ನಿಲ್ಲಬೇಕು?

ನಮ್ಮ ದೇಶಕ್ಕೆ 1962ರಲ್ಲಿ ಆಲ್ಕೋ ಕಂಪನಿಯ ಡೀಸೆಲ್ ಎಂಜಿನ್‌ಗಳು ಬಂದವು. 1964ರಿಂದ ವಾರಾಣಸಿಯಲ್ಲೇ ತಯಾರಾದವು. ಇವಕ್ಕೆ ತುಂಬುವ ಆಯಿಲ್ ನೂರಾರು ಲೀಟರ್. ಕ್ಯಾಲೆಂಡರ್ ನೋಡಿ ಚೆಲ್ಲೋಕಾಗುತ್ತಾ? ಹಾಗಾಗಿ ಡೀಸೆಲ್ ಶೆಡ್‌ಗಳಲ್ಲಿ ಆಯಿಲ್ ಪರೀಕ್ಷೆಯ ಲ್ಯಾಬ್ ಕೂಡ ಒಂದು ಭಾಗವಾಯಿತು. ನಮ್ಮ ಹುಬ್ಬಳ್ಳಿ, ಕೃಷ್ಣರಾಜಪುರಂ ಶೆಡ್‌ಗಳು ಇದೇ ಪರಂಪರೆಯವು. ಕಬ್ಬಿಣ ಹೆಚ್ಚಾದರೆ ಲೈನರ್ ಅಥವಾ ಕ್ರ್ಯಾಂಕ್, ಕ್ರೋಮಿಯಂ ಆದರೆ ರಿಂಗ್, ಅಲ್ಯೂಮಿನಿಯಂ ಆದರೆ ಪಿಸ್ಟನ್, ತಾಮ್ರ-ಸೀಸ-ತವರ ಆದರೆ ಬೇರಿಂಗ್ ಕಡೆ ನೋಡಬೇಕು. ಸಿಲಿಕಾನ್ ಕಂಡರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗ್ತಿದೆ ಅಂತ ಅನುಮಾನ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಮ್ಮಣ್ಣಿನ ದಾರಿಯಲ್ಲಿ ಮೂಟೆ ಹೊರುವ ಜೀಪಿನ ಆಯಿಲನ್ನು ಹೀಗೆ ಸುಟ್ಟು ನೋಡಿದರೆ ಏನು ಸಿಗಬಹುದು, ಊಹಿಸಿ.

ಆದರೆ ರೈಲಿನವರ ನಿಜವಾದ ಜಾಣತನ ಯಂತ್ರದಲ್ಲಿಲ್ಲ, ರಿಜಿಸ್ಟರಿನಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಒಂದು ಸಲದ ಅಂಕಿಯಿಂದ ಹೆಚ್ಚೇನೂ ತಿಳಿಯೋದಿಲ್ಲ. ಹೊಸ ಎಂಜಿನ್ ಮೊದಮೊದಲು ಪುಡಿ ಬಿಡೋದು ಸಹಜ. ಹಳೆಯದೂ ಮೆಲ್ಲಗೆ ಸವೆಯುತ್ತಲೇ ಇರುತ್ತೆ. ಅದೇ ಎಂಜಿನ್‌ನ ಹಿಂದಿನ ಅಂಕಿಗಳ ಪಕ್ಕ ಇಟ್ಟಾಗ, ಇದ್ದಕ್ಕಿದ್ದಂತೆ ಏರಿದ್ದು ಕಣ್ಣಿಗೆ ಹೊಡೆಯುತ್ತೆ. ಸಾಫ್ಟ್‌ವೇರ್ ಮಂದಿ ಲಾಗ್ ಫೈಲ್ ನೋಡೋದೂ ಹೀಗೇ ತಾನೆ?

ಹಾಗಂತ ಈ ಯಂತ್ರಕ್ಕೂ ಕುರುಡಿದೆ. ಸುಮಾರು 10 ಮೈಕ್ರಾನ್‌ಗಿಂತ ದೊಡ್ಡ ಚೂರು ಪೂರ್ತಿ ಸುಡದೆ ಲೆಕ್ಕ ತಪ್ಪಿಸಿಕೊಳ್ಳುತ್ತೆ. ನಮ್ಮ ಬರಿಗಣ್ಣಿಗೆ ಕಾಣೋದು 40 ಮೈಕ್ರಾನ್ ಆಸುಪಾಸಿನಿಂದ. (ತಲೆಕೂದಲು ಸುಮಾರು 70.) ಮಧ್ಯದ ಜಾಗ ಇಬ್ಬರಿಗೂ ಕತ್ತಲು. ಎಂಜಿನ್ ಕೆಡುವ ಹೊತ್ತಿಗೆ ಚೂರುಗಳು ದೊಡ್ಡದಾಗುತ್ತಾ ಹೋಗುವುದರಿಂದ ಆ ಕತ್ತಲೇ ಮುಖ್ಯ. 1970ರ ದಶಕದ ಆರಂಭದಲ್ಲಿ ಸೀಫರ್ಟ್ ಮತ್ತು ವೆಸ್ಟ್‌ಕಾಟ್ ರೂಪಿಸಿದ ಫೆರೋಗ್ರಫಿ ಅಲ್ಲಿಗೆ ದೀಪ ಹಿಡಿಯಿತು. ಮ್ಯಾಗ್ನೆಟ್ ಮೇಲೆ ಓರೆಯಾಗಿಟ್ಟ ಗಾಜಿನ ಮೇಲೆ ಆಯಿಲ್ ಹರಿಸಿದರೆ ಚೂರುಗಳು ಗಾತ್ರದ ಪ್ರಕಾರ ಸಾಲಾಗಿ ಕೂರುತ್ತವೆ. ಮೈಕ್ರೋಸ್ಕೋಪಿನಲ್ಲಿ ಅವುಗಳ ಆಕಾರ ನೋಡಿ, ಉಜ್ಜಿ ಬಂದದ್ದೋ, ಕತ್ತರಿಸಿ ಬಂದದ್ದೋ ಅಂತ ಹೇಳಬಹುದು. ಮ್ಯಾಗ್ನೆಟ್ ಕೊನೆಗೂ ಲ್ಯಾಬ್ ಸೇರಿತು!

ಇನ್ನು ನಮ್ಮ ತೋಟದ ಜೀಪು. ಯುದ್ಧಕಾಲದ ಮೂಲ ವಿಲ್ಲೀಸ್ ಜೀಪಿನಲ್ಲಿ ಫಿಲ್ಟರ್ ಇದ್ದದ್ದು ಬೈಪಾಸ್ ದಾರಿಯಲ್ಲಿ, ಅಂದ್ರೆ ಒಂದು ಸಲಕ್ಕೆ ಸ್ವಲ್ಪ ಆಯಿಲ್ ಮಾತ್ರ ಸೋಸಿಕೊಳ್ತಿತ್ತು, ಮಿಕ್ಕಿದ್ದು ಪುಡಿ ಸಮೇತ ಸುತ್ತುತ್ತಿತ್ತು. ಈಗಿನ ಗಾಡಿಗಳಲ್ಲಿ ಆಯಿಲ್ ಎಲ್ಲಾ ಫಿಲ್ಟರ್ ಮೂಲಕವೇ ಹೋಗೋದರಿಂದ ದೊಡ್ಡ ಚೂರುಗಳು ಡಬ್ಬಕ್ಕೆ ಇಳಿಯುವುದು ಕಡಿಮೆ. ಅವು ಫಿಲ್ಟರಿನ ಕಾಗದದ ಮಡಿಕೆಗಳಲ್ಲೇ ಕೂತಿರುತ್ತವೆ. ಬೆರಳಿಗೆ ಹಚ್ಚಿ ನೋಡುವ ನಮ್ಮವರು ಆ ಹಳೇ ಫಿಲ್ಟರನ್ನು ಹಾಗೇ ಬಿಸಾಕ್ತಾರೆ. ಅದನ್ನು ಕತ್ತರಿಸಿ ಕಾಗದ ಬಿಡಿಸಿ ನೋಡಿ. ಮ್ಯಾಗ್ನೆಟ್ಟಿಗೆ ಅಂಟದ ಬೆಳ್ಳನೆಯ ಅಥವಾ ತಾಮ್ರದ ಬಣ್ಣದ ಹಕ್ಕಳೆ ಕಂಡು, ಜೊತೆಗೆ ಬಿಸಿ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಕೂಡ ಇಳಿದಿದ್ದರೆ, ಆವತ್ತು ಮೂಟೆ ಹೇರೋದು ಬೇಡ. ಸಂಪ್ ಇಳಿಸಿ ಬೇರಿಂಗ್ ನೋಡಿಸಿ. ಶೆಲ್ ಬದಲಾಯಿಸಿದರೆ ಮುಗಿಯುವ ಕೆಲಸ, ಕ್ರ್ಯಾಂಕ್ ಗೀರಿಕೊಂಡ ಮೇಲೆ ಎಂಜಿನ್ ಪೂರ್ತಿ ಇಳಿಸಿ ಗ್ರೈಂಡಿಂಗ್‌ಗೆ ಕಳಿಸೋ ತನಕ ಹೋಗುತ್ತೆ.