ಸಮವಾದ ಪಂದ್ಯಕ್ಕೆ ತೀರ್ಪು ಯಾರದು?

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಫೈನಲ್. ಭಾರತ ಮತ್ತು ಕುವೈತ್ 120 ನಿಮಿಷ ಸೆಣಸಿದರೂ ಗೋಲುಗಳು 1–1. ತಲಾ ಐದು ಪೆನಾಲ್ಟಿ ಒದ್ದ ಮೇಲೂ 4–4. ಆರನೆಯದನ್ನು ಭಾರತದ ಮಹೇಶ್ ಸಿಂಗ್ ಗೋಲಾಗಿಸಿದರು. ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಕಪ್ಪು ಭಾರತಕ್ಕೆ ಬಂತು. ಆದರೆ ನಿಯಮದ ಪ್ರಕಾರ ಆ ಪಂದ್ಯ ಇಂದಿಗೂ ಡ್ರಾ!

ಶಿರೋಳ, ನರಗುಂದದ ಕಡೆ ಕಬಡ್ಡಿ ನೋಡಿದವರಿಗೆ ಇದು ಹೊಸದೆನಿಸಲಾರದು. ಅಲ್ಲಿಯೂ ನಾಕೌಟ್ ಪಂದ್ಯ ಸಮವಾದರೆ ತಲಾ ಐದು ರೇಡ್ ಕೊಡುವ ಕ್ರಮವುಂಟು. ಫುಟ್‌ಬಾಲಿನ ನಿಯಮದಲ್ಲಿ ಈ ಐದರ ಲೆಕ್ಕ ಸೇರಿದ್ದು 1970ರಲ್ಲಿ.

ಅದಕ್ಕೆ ಮುಂಚೆ ಪಂದ್ಯವನ್ನು ಮತ್ತೊಮ್ಮೆ ಆಡಿಸುತ್ತಿದ್ದರು. ಮುಂದಿನ ಸುತ್ತಿಗೆ ದಿನ ಸಾಲದಿದ್ದರೆ ಉಳಿಯುತ್ತಿದ್ದುದು ಅದೃಷ್ಟವೊಂದೇ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ನೇಪಲ್ಸ್‌ನಲ್ಲಿ ನಡೆಯಿತು. ಇಟಲಿಯಾಗಲಿ ಸೋವಿಯತ್ ಒಕ್ಕೂಟವಾಗಲಿ ಗೋಲು ಹೊಡೆಯಲಿಲ್ಲ. ನಾಣ್ಯ ಚಿಮ್ಮಿಸಲಾಯಿತು, ಇಟಲಿ ಫೈನಲಿಗೆ ಹೋಯಿತು. ಫೈನಲ್ಲೂ ಸಮವಾದಾಗ ಮಾತ್ರ ನಾಣ್ಯ ಹೊರಬರಲಿಲ್ಲ, ಪಂದ್ಯವನ್ನೇ ಮತ್ತೆ ಆಡಿಸಿದರು. ಒಂದೇ ಪಂದ್ಯಾವಳಿಯಲ್ಲಿ ಎರಡು ನ್ಯಾಯ!

ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್. ಇಸ್ರೇಲ್, ಬಲ್ಗೇರಿಯಾ 1–1. ಚೀಟಿ ಎತ್ತಿದಾಗ ಇಸ್ರೇಲ್ ಮನೆಗೆ ಹೊರಟಿತು, ಬಲ್ಗೇರಿಯಾ ಬೆಳ್ಳಿಯವರೆಗೆ ನಡೆಯಿತು. ನಾಲ್ಕು ವರ್ಷದ ತಯಾರಿಯನ್ನು ಒಂದು ತುಂಡು ಕಾಗದ ಮುಗಿಸಿಬಿಡುವುದೆಂದರೆ! ಇಸ್ರೇಲಿನ ಯೋಸೆಫ್ ದಗಾನ್ ಪೆನಾಲ್ಟಿ ಒದೆತದ ಸಲಹೆ ಮುಂದಿಟ್ಟರು. 1970ರ ಜೂನ್ 27ರಂದು ಅಂತರರಾಷ್ಟ್ರೀಯ ನಿಯಮ ಮಂಡಳಿ ಅದನ್ನು ಒಪ್ಪಿತು. ಇದು ತಮ್ಮ ಯೋಚನೆ ಎಂದು ಜರ್ಮನಿಯ ರೆಫರಿ ಕಾರ್ಲ್ ವಾಲ್ಡ್ ಕೂಡ ಹೇಳಿಕೊಂಡಿದ್ದಾರೆ.

ನಮ್ಮಲ್ಲಿ ಆಮೇಲೂ ಕಪ್ಪು ಹಂಚಿಕೊಳ್ಳುವ ರೂಢಿ ಕೆಲಕಾಲ ಇತ್ತು. 1982–83ರ ಸಂತೋಷ್ ಟ್ರೋಫಿಯನ್ನು ಗೋವಾ ಮತ್ತು ಬಂಗಾಳ ಜಂಟಿಯಾಗಿ ಪಡೆದವು. ತೊಂಬತ್ತರ ದಶಕದಲ್ಲಿ ಹೆಚ್ಚುವರಿ ಅವಧಿಯ ಮೊದಲ ಗೋಲಿಗೇ ಆಟ ಮುಗಿಸುವ ‘ಗೋಲ್ಡನ್ ಗೋಲ್’ ಬಂತು. 2004ರಲ್ಲಿ ಅದನ್ನೂ ಕೈಬಿಟ್ಟರು.

ಪೆನಾಲ್ಟಿಯೂ ಜೂಜೇ ಎನ್ನುವವರಿದ್ದಾರೆ. ಈ ಬರಹಗಾರನಿಗೆ ಹಾಗೆನಿಸುವುದಿಲ್ಲ. ಚೀಟಿಯ ಮುಂದೆ ಆಟಗಾರ ಬರೀ ಪ್ರೇಕ್ಷಕ. ಇಲ್ಲಿ ಒದೆಯುವ ಕಾಲು, ತಡೆಯುವ ಕೈ ಅವನವೇ. ಆದರೆ ಸೋಲಿನ ಹೊರೆಯೂ ಒಬ್ಬನ ಹೆಗಲಿಗೇ ಬೀಳುತ್ತದೆ ಎಂಬುದನ್ನು ಒಪ್ಪಬೇಕು.

ಬೆಂಗಳೂರು ಎಫ್‌ಸಿ ತಂಡ 2023ರ ಮಾರ್ಚ್‌ನಲ್ಲಿ ಎರಡನ್ನೂ ಕಂಡಿತು. 12ರಂದು ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲನ್ನು ಪೆನಾಲ್ಟಿಯಲ್ಲಿ 9–8ರಿಂದ ಗೆದ್ದಿತು. ಕೊನೆಯ ಒದೆತ ಸಂದೇಶ್ ಜಿಂಗಾನ್ ಅವರದು. ಆರೇ ದಿನಗಳಲ್ಲಿ ಗೋವಾದ ಮಡಗಾಂವ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್ 2–2. ಈ ಸಲ ಬ್ರೂನೊ ರಮಿರೆಸ್ ಒದ್ದದ್ದನ್ನು ವಿಶಾಲ್ ಕೈತ್ ತಡೆದರು. ಪಾಬ್ಲೊ ಪೆರೆಸ್ ಒದ್ದ ಚೆಂಡು ಗೋಲುಪೆಟ್ಟಿಗೆಯ ಮೇಲಿಂದ ಹಾರಿಹೋಯಿತು.