ಚೀಟಿ ಅಂಟಿಸಿದ ಲೆಕ್ಕ

ತೊಂಡೇಬಾವಿ ರೈಲು ನಿಲ್ದಾಣದ ಹತ್ತಿರ ನಮ್ಮಪ್ಪನದೊಂದು ಸಣ್ಣ ದಿನಸಿ ಅಂಗಡಿ ಇತ್ತು. ಸಾಲದ ಲೆಕ್ಕ ಬರೆಯುವುದರಲ್ಲಿ ಅವರಿಗೊಂದು ಹಟ. ಬರೆದದ್ದನ್ನು ಎಂದೂ ಹೊಡೆದುಹಾಕುತ್ತಿರಲಿಲ್ಲ. ಬಾಕಿ ಬದಲಾದರೆ ಹಳೆಯ ಸಾಲಿನ ಮೇಲೆ ಹೊಸ ಅಂಕಿಯ ಚೀಟಿ ಅಂಟಿಸುತ್ತಿದ್ದರು. ಸಾಲ ತೀರಿದರೆ ಖಾಲಿ ಚೀಟಿ. ನಾಳೆ ತಕರಾರು ಬಂದರೆ ಕೆಳಗಿನದು ಸಾಕ್ಷಿಗಿರಬೇಕು ಎಂಬುದು ಅವರ ವಾದ.

ಒಂದು ದಿನ ನನ್ನನ್ನು ಅಂಗಡಿಯಲ್ಲಿ ಕೂರಿಸಿ ಎಲ್ಲಿಗೋ ಹೋಗಿದ್ದರು. ನಾನು ಖಾಲಿ ಚೀಟಿಯೊಂದನ್ನು ಉಗುರಿನಿಂದ ಕಿತ್ತು ನೋಡಿದೆ. ಅಷ್ಟರಲ್ಲಿ ಆ ಹೆಸರಿನ ಹಿರಿಯರೇ ಬೆಲ್ಲಕ್ಕೆ ಬಂದರು. ನಾಲ್ಕು ಜನರ ಎದುರಿಗೆ, “ಮಾಮ, ನಿಮ್ಮದು 11 ರೂಪಾಯಿ ಬಾಕಿ ಇದೆ” ಎಂದುಬಿಟ್ಟೆ. ಅವರು ಬೆಲ್ಲ ತೆಗೆದುಕೊಳ್ಳದೆ ಹೊರಟುಹೋದರು. ಸಂಜೆ ಅಪ್ಪ ಹೊಡೆಯಲಿಲ್ಲ. “ಮೇಲಿರೋದು ಓದೋ, ಕೆಳಗಿರೋದು ಓದೋಕಲ್ಲ” ಎಂದರಷ್ಟೆ. ಆಮೇಲೆ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದರು.

ಈ ಚೀಟಿ ಮತ್ತೆ ನೆನಪಾದದ್ದು ಕಂಪ್ಯೂಟರಿನ ಚರಿತ್ರೆ ಓದುವಾಗ. ಒಂದು ಡಿಸ್ಕಿನ ಕಡತಗಳನ್ನು ಇನ್ನೊಂದರ ಡೈರೆಕ್ಟರಿಗೆ ಜೋಡಿಸುವುದಕ್ಕೆ ‘ಮೌಂಟ್’ ಎನ್ನುತ್ತಾರೆ. 1971ರ ಯೂನಿಕ್ಸ್ ಕೈಪಿಡಿಯಲ್ಲೇ ಆ ಆಜ್ಞೆ ಇದೆ. ಆಗಿನ ನಿಯಮ ಸರಳ: ಮೇಲೆ ಹೊಸದು ಕೂತರೆ ಕೆಳಗಿನದು ಪೂರ್ತಿ ಮರೆ, ಬಿಚ್ಚಿದರೆ ಮತ್ತೆ ಕಾಣುತ್ತದೆ. ಆದರೆ ಎರಡೂ ಒಂದರಂತೆ ಕಾಣಬೇಕೆಂದರೆ? ಬರೆಯಲಾಗದ ಸಿ.ಡಿ. ಕೆಳಗೆ, ಬರೆಯಬಹುದಾದ ಪದರ ಮೇಲೆ. ಬದಲಾದ ಕಡತ ಮೇಲೆ ಉಳಿಯಬೇಕು. ಅಳಿಸಿದ್ದರ ಗುರುತಿಗೆ ಒಂದು ‘ವೈಟ್‌ಔಟ್’ ಬೇಕು. ಅದು ನಮ್ಮಪ್ಪನ ಖಾಲಿ ಚೀಟಿಯೇ!

ಲಿನಕ್ಸ್‌ನಲ್ಲಿ ಇದನ್ನು ಮಾಡುವುದು ಹೇಗೆಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಅಮೆರಿಕದ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದವರು ‘ಯೂನಿಯನ್‌ಎಫ್‌ಎಸ್’ ಎಂಬ ಪ್ರತ್ಯೇಕ ಕಡತವ್ಯವಸ್ಥೆಯನ್ನೇ ಕಟ್ಟಿದರು. ಇದು ಕರ್ನೆಲ್ಲಿನ ಸಾಮಾನ್ಯ ಕಡತ ಪದರದಲ್ಲೇ, ಮೌಂಟಿನ ಭಾಗವಾಗಿಯೇ ಇರಬೇಕು ಎಂದದ್ದು ‘ಯೂನಿಯನ್ ಮೌಂಟ್’ ಪಕ್ಷ. 2007ರಲ್ಲಿ ಅದಕ್ಕಾಗಿ ದುಡಿದವರು ಯಾನ್ ಬ್ಲಂಕ್ ಮತ್ತು ಐ.ಬಿ.ಎಂ.ನ ಬೆಂಗಳೂರು ಕಚೇರಿಯ ಭರತ ಬಿ. ರಾವ್. ನಮ್ಮೂರಿನಿಂದ ಬೆಳಗಿನ ರೈಲು ಹತ್ತಿದರೆ ಸಿಕ್ಕುವ ಊರಿನಲ್ಲಿ ಇಂಥದೊಂದು ಕೆಲಸ ನಡೆದಿತ್ತೆಂದು ತಿಳಿದಾಗ ಹೆಮ್ಮೆಯಾಯಿತು.

ಅವರನ್ನು ಕಾಡಿದ ಪ್ರಶ್ನೆ, ಪಟ್ಟಿ ಓದುವುದು ಹೇಗೆಂಬುದು. ಪ್ರೋಗ್ರಾಮು ಡೈರೆಕ್ಟರಿಯ ಹೆಸರುಗಳನ್ನು ಕಂತುಕಂತಾಗಿ ಕೇಳುತ್ತದೆ, ನಿಲ್ಲಿಸುತ್ತದೆ, ಬಿಟ್ಟ ಜಾಗದಿಂದ ಮತ್ತೆ ಕೇಳುತ್ತದೆ. ಎರಡು ಪದರದಲ್ಲೂ ಇರುವ ಹೆಸರು ಒಂದೇ ಸಲ ಬರಬೇಕು. ಅಳಿಸಿದ ಹೆಸರು ಬರಲೇಬಾರದು. ಹಾಗಾದರೆ ಕೊಟ್ಟ ಹೆಸರನ್ನೆಲ್ಲ ಯಾರು ನೆನಪಿಡಬೇಕು? ಕರ್ನೆಲ್ಲೇ ಇಟ್ಟರೆ ಅದರ ಮೆಮೊರಿ ತುಂಬುತ್ತದೆ. ಆ ಕೆಲಸವನ್ನು ಹೊರಗಿನ ಸಿ ಲೈಬ್ರರಿಗೆ ಬಿಡಬಹುದೆಂಬ ವಾದವೂ ಇತ್ತು. ನನಗೆ ಮಾತ್ರ ಆ ಬೆಲ್ಲದ ಹಿರಿಯರ ಮುಖ ಕಣ್ಣೆದುರಿಗೆ ಬಂತು.

ಕಡೆಗೆ 2014ರ ಡಿಸೆಂಬರಿನಲ್ಲಿ, ಲಿನಕ್ಸ್ 3.18ರಲ್ಲಿ ಒಳಸೇರಿದ್ದು ಮಿಕ್ಲೋಶ್ ಸೆರೆಡಿಯವರ ‘ಓವರ್‌ಲೇಎಫ್‌ಎಸ್’. ಯೂನಿಯನ್ ಮೌಂಟ್ ಒಳಗೆ ಬರಲೇ ಇಲ್ಲ. ಗೆದ್ದದ್ದು ಕಡಿಮೆ ಮಾತು ಕೊಟ್ಟದ್ದು. ಬರೆಯುವುದೆಲ್ಲ ಮೇಲಿನ ಒಂದೇ ಪದರಕ್ಕೆ. ಕೆಳಗಿನ ಕಡತ ತಿದ್ದಬೇಕಾದರೆ ಮೊದಲು ಅದರ ನಕಲು ಮೇಲಕ್ಕೆ. ಕೂಡಿಸಿದ ಪಟ್ಟಿಯನ್ನು ಕರ್ನೆಲ್ಲೇ ಮಾಡಿ, ತೆರೆದ ಡೈರೆಕ್ಟರಿಯ ಜೊತೆಗೆ ಇಟ್ಟುಕೊಳ್ಳುತ್ತದೆ. ಬಳಕೆಯಲ್ಲಿರುವಾಗ ಕೆಳಗಿನ ಪದರವನ್ನು ಯಾರಾದರೂ ನೇರವಾಗಿ ಬದಲಿಸಿದರೆ ಫಲಿತಾಂಶಕ್ಕೆ ಹೊಣೆಯಿಲ್ಲವೆಂದು ಮೊದಲೇ ಹೇಳಿಬಿಟ್ಟಿದೆ. ಇಂದು ಡಾಕರ್‌ನಂಥ ಕಂಟೇನರುಗಳು ಒಂದೇ ಕೆಳಪದರವನ್ನು ಹಲವರಿಗೆ ಹಂಚುವುದು ಹೆಚ್ಚಾಗಿ ಇದರ ಮೂಲಕವೇ.

ಬೆಂಗಳೂರಿನ ಆ ಕೆಲಸ ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ. ತೊಡಕು ಎಲ್ಲಿದೆಯೆಂದು ಅದು ಬೆಳಕಿಗೆ ಹಿಡಿದು ತೋರಿಸಿತು. ಚೀಟಿ ಅಂಟಿಸುವುದು ಸುಲಭ. ಪುಸ್ತಕ ಯಾರ ಕೈಗೆ ಹೋದರೂ ಸರಿಯಾಗಿ ಓದುವಂತೆ ಮಾಡುವುದೇ ಕಷ್ಟ. ಅಪ್ಪನ ಪುಸ್ತಕದಲ್ಲಿದ್ದ ಕೊರತೆ ಅದೊಂದೇ. ಓದುವ ಕೆಲಸವನ್ನು ಅವರು ಅಂದು ನನಗೆ ಬಿಟ್ಟಿದ್ದರು.